ಹಿತ್ತಿಲ ಹಲಸು ಕಡಿಯುವ ಮಾತು

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಶುಕ್ರವಾರ. ರಜೆಯ ದಿನ, ತಿಂಡಿ ಮುಗಿಸಿ ಎಂದಿನಂತೆ ಊರಿಗೆ ವೀಡಿಯೊ ಕಾಲ್ ಮಾಡಿದೆ. ಅಮ್ಮ ಫೋನ್ ಹಿಡಿದರೆ ನಮಗೆ ಕಾಣುವುದು ಅವರ ಹಣೆ ಮತ್ತು ಮಾಡಿನ ಪಕ್ಕಾಸು ಮಾತ್ರ. ಆ ದಿನ ತಮ್ಮ ಫೋನ್ ತೆಗೆದುಕೊಂಡು ಹಿತ್ತಿಲಿಗೆ ಹೋದ. ಹಿಂದಿನ ರಾತ್ರಿ ಗಾಳಿಮಳೆಗೆ ಹಲಸಿನ ಮರದ ಒಂದು ಕೊಂಬೆ ಅಡುಗೆಮನೆ ಮಾಡಿನ ಮೇಲೆ ಬಿದ್ದಿತ್ತು. ಮೂವತ್ತು ನಲವತ್ತು ಹಂಚು ಪುಡಿ.

"ಅಣ್ಣಯ್ಯಾ, ಈ ಮರ ಕಡ್ಸೂದಾ ಅಂದೇಳಿ. ನೀ ಎಂತ ಹೇಳ್ತ್ಯಾ?" ಎಂದ.

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಕಡಿಯುವ ಮಾತೇ ಬೇಡ, ಹಂಚಿನ ದುಡ್ಡು ನಾನು ಕಳಿಸ್ತೇನೆ" ಎಂದುಬಿಟ್ಟೆ. ಅವನು "ಆಯ್ತ್" ಎಂದ. ಅಷ್ಟೇ ಮಾತು. ಫೋನಿಟ್ಟ ಮೇಲೆ ಹೆಂಡತಿ ಹತ್ತಿರ, ಊರಿನಲ್ಲಿರುವವರಿಗೆ ಮರದ ಬೆಲೆ ಗೊತ್ತಿಲ್ಲ, ಮರಳುಗಾಡಿನಲ್ಲಿರುವ ನಮಗೇ ಗೊತ್ತು ಎಂದು ದೊಡ್ಡ ಭಾಷಣ ಬೇರೆ ಮಾಡಿದೆ. ಅವಳು ಏನೂ ಹೇಳಲಿಲ್ಲ. ಆ ಭಾಷಣ ಈಗ ನೆನಪಾದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಮೊದಲು ಮರದ ವಿಷಯ ಹೇಳುತ್ತೇನೆ. ನಮ್ಮದು ಕುಂದಾಪುರ ತಾಲೂಕಿನ ಒಂದು ಹಳ್ಳಿ. ಹಂಚಿನ ಮನೆ, ಮುಂದೆ ಅಂಗಳ, ಹಿಂದೆ ಹಿತ್ತಿಲು, ಅದರ ಆಚೆ ಅರುವತ್ತು ಎಪ್ಪತ್ತು ಅಡಿಕೆ ಮರ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ಯಾರದೋ ಮನೆಯಲ್ಲಿ ಒಳ್ಳೆಯ ಬಕ್ಕೆ ಹಣ್ಣು ತಿಂದು, ಅದರ ಬೀಜ ತಂದು ಅಡುಗೆಮನೆ ಹಿಂದೆ ಹಾಕಿದರು. ಮನೆಯಿಂದ ಹೆಚ್ಚೆಂದರೆ ಹನ್ನೆರಡು ಅಡಿ ದೂರ. ಅಷ್ಟು ಹತ್ತಿರ ಯಾಕೆ ಹಾಕಿದರು ಎಂದರೆ, ಪಾತ್ರೆ ತೊಳೆದ ನೀರು ಅಲ್ಲಿಗೇ ಹೋಗುತ್ತಿತ್ತು, ಬೇರೆ ನೀರು ಹೊರುವುದು ಬೇಡ ಎಂಬ ಲೆಕ್ಕಾಚಾರ. ಸಣ್ಣ ಗಿಡ ನೆಡುವಾಗ ಅದು ಮರವಾಗುತ್ತದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಬೀಜದಿಂದ ಬೆಳೆದ ಹಲಸು ತಾಯಿಮರದಂತೆಯೇ ಹಣ್ಣು ಕೊಡುತ್ತದೆ ಎಂದು ನಂಬುವ ಹಾಗಿಲ್ಲ. ಈಗ ನರ್ಸರಿಯಲ್ಲಿ ಕಸಿ ಗಿಡ ಸಿಗುತ್ತದೆ, ಬೇಕಾದ ಜಾತಿಯನ್ನೇ ತರಬಹುದು. ಆಗ ಅದೆಲ್ಲ ಇರಲಿಲ್ಲ. ಏಳೆಂಟು ವರ್ಷ ಕಾದು ಮೊದಲ ಹಣ್ಣು ಕೊಯ್ದರೆ ತುಳುವೆ! ತೊಳೆ ಕೈಯಲ್ಲಿ ಹಿಡಿದರೆ ಜಾರುವಷ್ಟು ಮೆತ್ತಗೆ. ಅಪ್ಪಯ್ಯನ ಮುಖ ನೋಡುವ ಹಾಗಿರಲಿಲ್ಲ. ಅಮ್ಮ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಬಕ್ಕೆಯಾದರೆ ತಿಂದು ಮುಗೀತು, ಕಡುಬಿಗೆ ತುಳುವೆಯೇ ಆಗಬೇಕು ಎಂದರು. ತೊಳೆ ಹಿಂಡಿ, ಅಕ್ಕಿ ರವೆ, ಬೆಲ್ಲ, ತೆಂಗಿನಕಾಯಿ ಹಾಕಿ ಎಲೆಯಲ್ಲಿ ಕಟ್ಟಿ ಬೇಯಿಸಿದ ಆ ಕಡುಬು, ಮೇಲೆ ಒಂದು ಚಮಚ ತುಪ್ಪ... ಇದನ್ನು ಬರೆಯುವಾಗ ಮಧ್ಯಾಹ್ನ ಹನ್ನೆರಡೂವರೆ, ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ಬೇಡ, ಮುಂದೆ ಹೋಗೋಣ.

ಆ ಮರಕ್ಕೆ ಮೂರು ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿದ್ದೂ ಅಪ್ಪಯ್ಯನೇ. ಕಾಳುಮೆಣಸಿಗೆ ನಮ್ಮ ಕಡೆ ಒಳ್ಳೆಮೆಣಸು ಎಂದೇ ಹೆಸರು. ಅಡಿಕೆ ಮರಕ್ಕೆ ಹತ್ತಿದ ಬಳ್ಳಿ ಬೇರೆ, ಹಲಸಿಗೆ ಹತ್ತಿದ ಬಳ್ಳಿಯ ಸೊಬಗೇ ಬೇರೆ. ಅಡಿಕೆ ಮರ ನುಣುಪು, ಸಪೂರ. ಹಲಸಿನ ತೊಗಟೆ ಒರಟು, ಬಳ್ಳಿಯ ಗಂಟುಗಂಟಿನಲ್ಲಿ ಹೊರಡುವ ಬೇರು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕಾಂಡ ದಪ್ಪವಿರುವುದರಿಂದ ಬಳ್ಳಿ ಸುತ್ತಲೂ ಹರಡಿ ಮರಕ್ಕೆ ಹಸಿರು ಅಂಗಿ ತೊಡಿಸಿದ ಹಾಗೆ ಕಾಣುತ್ತಿತ್ತು. ಮಳೆಗಾಲ ಶುರುವಾದ ಮೇಲೆ ತೆನೆ ಬಿಟ್ಟು, ಡಿಸೆಂಬರ್ ಕಳೆದು ತೆನೆಯಲ್ಲಿ ಒಂದೋ ಎರಡೋ ಕಾಳು ಕೆಂಪಾದಾಗ ಕೊಯ್ಯುವುದು. ಅಪ್ಪಯ್ಯ ಏಣಿ ಹತ್ತಿ ಕೊಯ್ದು ಕೆಳಗೆ ಬಿಡುತ್ತಿದ್ದರು, ನಾವಿಬ್ಬರು ಕಾಲಲ್ಲಿ ತುಳಿದು ಕಾಳು ಬಿಡಿಸುತ್ತಿದ್ದೆವು. ಅಂಗೈಯೆಲ್ಲ ಉರಿ. ಆ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಮುಗಿಯಿತು.

ಅಪ್ಪಯ್ಯ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ಬಿಕಾಂ ಮುಗಿಸಿ, ಉಡುಪಿಯಲ್ಲಿ ಒಬ್ಬ ಆಡಿಟರ್ ಹತ್ತಿರ ನಾಲ್ಕು ವರ್ಷ ಕೆಲಸ ಮಾಡಿ, 2008ರಲ್ಲಿ ಮಸ್ಕತ್‌ಗೆ ಬಂದೆ. ಅಂದಿನಿಂದ ಆ ಮರ ನನ್ನ ಪಾಲಿಗೆ ಫೋನಿನೊಳಗಿನ ಮರ. ಅಮ್ಮನಿಗೆ ಹೇಳಿ ಫೋಟೋ ತರಿಸಿಕೊಳ್ಳುವುದು, ಎಷ್ಟು ಕಾಯಿ ಬಿಟ್ಟಿದೆ ಎಂದು ಕೇಳುವುದು, ಆಫೀಸಿನಲ್ಲಿ ಮಲಯಾಳಿ ಗೆಳೆಯರಿಗೆ ತೋರಿಸುವುದು. ಅವರು ತಮ್ಮ ಮನೆಯ ಹಲಸು ತೋರಿಸುತ್ತಾರೆ. ಹೀಗೆ ನಾವು ಐದಾರು ಜನ ಊಟದ ಹೊತ್ತಿನಲ್ಲಿ ಫೋನಿನಲ್ಲೇ ತೋಟ ಮಾಡುತ್ತೇವೆ.

ಕೈಯಾರೆ ಮಾಡಿದ ತೋಟವೂ ಒಂದಿದೆ ಅನ್ನಿ. ರೂವಿಯ ನಮ್ಮ ಫ್ಲಾಟಿನ ಬಾಲ್ಕನಿ ನಾಲ್ಕಡಿ ಅಗಲ, ಒಂಬತ್ತಡಿ ಉದ್ದ. ಅಲ್ಲಿ ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಸಳೆ ಹಾಕಿದ್ದೇವೆ. ಅಂಗಡಿಯಿಂದ ತಂದ ಬಸಳೆಯ ಎಲೆ ಅಡುಗೆಗೆ, ಬಲಿತ ದಂಟು ಮಣ್ಣಿಗೆ. ಊರಿನಿಂದ ಗಿಡ, ಕಡ್ಡಿ ಬ್ಯಾಗಿನಲ್ಲಿ ತುರುಕಿಕೊಂಡು ಬರುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ, ಪರವಾನಗಿ ಎಲ್ಲ ಬೇಕು, ಆ ಗೋಜಿಗೆ ಹೋಗಬೇಡಿ. ಅಕ್ಟೋಬರ್‌ನಲ್ಲಿ ನೆಟ್ಟರೆ ಏಪ್ರಿಲ್ ತನಕ ಒಳ್ಳೆಯ ಸೊಪ್ಪು ಸಿಗುತ್ತದೆ. ಮೇ ಬಂತೆಂದರೆ ಟೆರೇಸಿನ ಟ್ಯಾಂಕಿನ ನೀರು ಕುದಿಯುತ್ತದೆ, ಹಾಗೇ ನಳ್ಳಿ ತಿರುಗಿಸಿ ಹಾಕಿದರೆ ಬೇರು ಬೆಂದೇ ಹೋಗುತ್ತದೆ. ಬೆಳಿಗ್ಗೆ ಬಕೆಟಿನಲ್ಲಿ ಹಿಡಿದು ಒಳಗಿಟ್ಟು ಸಂಜೆ ಹಾಕಬೇಕು. ಅದಕ್ಕಿಂತಲೂ ಒಳ್ಳೆಯದು ಎಸಿಯಿಂದ ತೊಟ್ಟಿಕ್ಕುವ ನೀರು. ಅದರಲ್ಲಿ ಉಪ್ಪಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಗಿಡಕ್ಕೆ ಒಗ್ಗುತ್ತದೆ. ಸೈಟಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರು ಕ್ಯಾಂಪಿನಲ್ಲಿ ಪೇಂಟ್ ಡಬ್ಬದಲ್ಲಿ ಹಸಿಮೆಣಸು, ರೂಮಿನ ಹಿಂದೆ ನುಗ್ಗೆ ಬೆಳೆಸಿದ್ದಾರೆ. ಬಿಸಿಲಲ್ಲಿ ದುಡಿದು ಬಂದವರು ಮೊದಲು ಗಿಡಕ್ಕೆ ನೀರು ಹಾಕಿ ಆಮೇಲೆ ಸ್ನಾನಕ್ಕೆ ಹೋಗುವುದನ್ನು ಕಂಡಿದ್ದೇನೆ. ಅವರ ಮುಂದೆ ನನ್ನ ಬಾಲ್ಕನಿ ಏನೂ ಅಲ್ಲ.

ಸರಿ, ಹಲಸಿನ ಮಾತಿಗೆ ಬರೋಣ. ಕಡಿಯಬೇಡ ಎಂದೆನಲ್ಲ, ಅದಕ್ಕೆ ಲೆಕ್ಕದ ಆಧಾರ ಇರಲಿ ಎಂದು ಅದೇ ರಾತ್ರಿ ಎಕ್ಸೆಲ್ ತೆರೆದು ಕೂತೆ. ಕಸುಬಿನ ಚಾಳಿ. ಆದಾಯದ ಕಡೆ ಒಳ್ಳೆಮೆಣಸು, ಒಳ್ಳೆಯ ವರ್ಷದಲ್ಲಿ ಒಣಗಿಸಿದ ಮೇಲೆ ಏಳು ಕಿಲೋ. ಹಸಿ ಕಾಳು ಒಣಗಿದರೆ ಮೂರರಲ್ಲಿ ಒಂದು ಪಾಲು ಉಳಿಯುವುದು. ಬೆಲೆ ಕಿಲೋಗೆ ಏಳುನೂರರ ಹತ್ತಿರ ಹೋದದ್ದೂ ಇದೆ, ಮುನ್ನೂರು ಚಿಲ್ಲರೆಗೆ ಬಿದ್ದದ್ದೂ ಇದೆ. ನಡುವೆ ಐನೂರು ಹಿಡಿದೆ. ಹಣ್ಣು ಯಾರೂ ಕೊಳ್ಳುವುದಿಲ್ಲ, ಸೊನ್ನೆ. ಖರ್ಚಿನ ಕಡೆ ಕೊಯ್ಲಿನವನ ಕೂಲಿ, ಸೊರಗು ರೋಗ ಬಾರದ ಹಾಗೆ ಮಳೆಗೆ ಮೊದಲೊಮ್ಮೆ, ನಡುವೆ ಒಮ್ಮೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು, ಸುಣ್ಣ. ವರ್ಷಕ್ಕೆ ಸಾವಿರದೈನೂರು ರೂಪಾಯಿ ಲಾಭ ಬಂತು. ನೋಡಿ, ಮರ ಲಾಭದಲ್ಲೇ ಇದೆ!

ಆಮೇಲೆ ಇನ್ನೊಂದು ತಲೆಹರಟೆ ಹೊಳೆಯಿತು. ಮರಕ್ಕೆ ಸವಕಳಿ ಬರೆಯುವುದು ಹೇಗೆ? ನಮ್ಮ ಲೆಕ್ಕಶಾಸ್ತ್ರದ ಅಂತರರಾಷ್ಟ್ರೀಯ ನಿಯಮದಲ್ಲಿ 2016ರಿಂದ ವರ್ಷವರ್ಷ ಫಸಲು ಕೊಡುವ ಗಿಡಮರಗಳನ್ನು ಕಟ್ಟಡ, ಯಂತ್ರಗಳ ಸಾಲಿಗೇ ಸೇರಿಸಿದ್ದಾರೆ, ಸವಕಳಿ ಬರೆಯಬೇಕು. ಆದರೆ ಹಣ್ಣಿಗೂ ಆಯಿತು, ಮರಮುಟ್ಟಿಗೂ ಆಯಿತು ಎಂದು ಬೆಳೆಸಿದ ಮರವಾದರೆ ಆ ಸಾಲಿಗೆ ಸೇರುವುದಿಲ್ಲ. ನಮ್ಮ ಹಲಸು ಯಾವ ಗುಂಪು? ಅಪ್ಪಯ್ಯ ಕಡುಬಿಗೆ ನೆಟ್ಟರೋ, ಬಾಗಿಲು ದಾರಂದಕ್ಕೆ ನೆಟ್ಟರೋ? ಕೇಳೋಣ ಎಂದರೆ ಅವರಿಲ್ಲ. ಹೆಂಡತಿ ಲೈಟ್ ಆರಿಸಿ ಮಲಗಿ ಎಂದಳು.

ಜೂನ್ ತಿಂಗಳಲ್ಲಿ ರಜೆ ಸಿಕ್ಕಿತು. ಇಷ್ಟು ವರ್ಷ ನಾನು ಊರಿಗೆ ಹೋಗುತ್ತಿದ್ದುದು ಡಿಸೆಂಬರ್‌ನಲ್ಲೋ, ಮಕ್ಕಳ ಶಾಲೆಗೆ ರಜೆ ಎಂದು ಆಗಸ್ಟ್‌ನಲ್ಲೋ. ಇಯರ್ ಎಂಡ್ ಕೆಲಸಕ್ಕೆ ಡಿಸೆಂಬರ್ ತಪ್ಪಿದರೆ ಆ ವರ್ಷ ಹೋಗುವುದೇ ಇಲ್ಲ. ಮೃಗಶಿರ ಮಳೆಯಲ್ಲಿ ಮನೆಯಲ್ಲಿದ್ದು ಹದಿನೇಳು ವರ್ಷವಾಗಿತ್ತು.

ಮೊದಲ ದಿನವೇ ಗೊತ್ತಾಯಿತು. ಕೊಯ್ಯುವವರಿಲ್ಲದೆ ಮರದಲ್ಲೇ ಉಳಿದ ತುಳುವೆ ಹಣ್ಣು ಮಳೆಗೆ ಕೊಳೆತು ಮೇಲಿನಿಂದ ದೊಪ್ಪನೆ ಬೀಳುತ್ತದೆ. ಬಿದ್ದದ್ದು ಒಡೆದು ಹಿತ್ತಿಲೆಲ್ಲ ಚೆಲ್ಲಿ, ನೊಣ, ಹುಳಿ ವಾಸನೆ. ಎಲೆ ಬಿದ್ದು ಮಾಡಿನ ನೀರಿನ ದಂಬೆ ಕಟ್ಟಿಕೊಂಡು, ನೀರು ಅಡುಗೆಮನೆ ಗೋಡೆಯ ಮೇಲೇ ಇಳಿಯುತ್ತಿತ್ತು. ಗೋಡೆ ಹಸಿರುಗಟ್ಟಿತ್ತು. ಎರಡನೇ ದಿನ ರಾತ್ರಿ ಗಾಳಿ ಬೀಸಿತು. ತಮ್ಮ, ಅವನ ಹೆಂಡತಿ, ಸಣ್ಣ ಮಗು ಮಲಗುವ ಕೋಣೆ ಅಡುಗೆಮನೆಗೆ ಅಂಟಿಕೊಂಡೇ ಇರುವುದು. ಅವರು ಚಾಪೆ ಎತ್ತಿಕೊಂಡು ಜಗಲಿಗೆ ಬಂದು ಮಲಗಿದರು. ಯಾರೂ ಏನೂ ಮಾತಾಡಲಿಲ್ಲ. ಗಾಳಿ ಬಂದಾಗಲೆಲ್ಲ ಹೀಗೇ ಮಾಡುತ್ತಾರೆ ಎಂಬುದು ಅವರು ಚಾಪೆ ಹಾಸಿದ ರೀತಿಯಲ್ಲೇ ತಿಳಿಯಿತು.

ಮರುದಿನ ಬೆಳಿಗ್ಗೆ ನಾನೇ ಹಿಡಿಸೂಡಿ ತೆಗೆದುಕೊಂಡೆ. ಅಡುಗೆಮನೆ ಬಾಗಿಲಿನಿಂದ ಬಾವಿಕಟ್ಟೆ ತನಕ ಗುಡಿಸಿ, ಎಲೆ ಮತ್ತು ಕೊಳೆತ ಹಣ್ಣು ಬುಟ್ಟಿಗೆ ತುಂಬಿ ತೆಂಗಿನ ಬುಡಕ್ಕೆ ಹಾಕಿದೆ. ಆರು ಬುಟ್ಟಿ. ಐವತ್ತು ನಿಮಿಷ. ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನ ನೋಡಿದರೆ ಗುಡಿಸಿಯೇ ಇಲ್ಲವೇನೋ ಎಂಬಂತೆ ಮತ್ತೆ ಎಲೆ. ಅಮ್ಮನಿಗೆ ಎಪ್ಪತ್ತೆರಡು. ಮಂಡಿ ನೋವಿನವರು. ಹೊಸ್ತಿಲಲ್ಲಿ ಕೂತು ನೋಡುತ್ತಿದ್ದರು.

"ಮರ ನಿನ್ನ ಅಪ್ಪಯ್ಯ ನೆಟ್ಟದ್ದ್ ಮಗಾ. ಗುಡ್ಸೂದ್ ನಾನ್" ಎಂದರು. ಬೈಯುವ ಧ್ವನಿ ಅಲ್ಲ, ನಗುತ್ತಲೇ ಹೇಳಿದ್ದು.

ಆಮೇಲೆ ತಮ್ಮನ ಹೆಂಡತಿ ಹೇಳಿದ ಮೇಲೆ ತಿಳಿಯಿತು. ಅದರ ಹಿಂದಿನ ವರ್ಷ ಅಮ್ಮ ಕೊಳೆತ ಹಣ್ಣಿನ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದರಂತೆ. ಮಣಿಕಟ್ಟು ಊದಿಕೊಂಡು ಹದಿನೈದು ದಿನ ಕೈಗೆ ಪಟ್ಟಿ. ಆ ಹದಿನೈದು ದಿನದಲ್ಲಿ ಎರಡು ಶುಕ್ರವಾರ ಬಂದು ಹೋಗಿದ್ದವು. ಎರಡೂ ಸಲ ನಾನು ಮಾತಾಡಿದ್ದೇನೆ, ಹಲಸು ಎಷ್ಟು ಬಿಟ್ಟಿದೆ ಎಂದೂ ಕೇಳಿದ್ದೇನೆ. ಫೋನಿನಲ್ಲಿ ಕಂಡದ್ದು ಹಣೆ ಮತ್ತು ಪಕ್ಕಾಸು.

ನನ್ನ ಎಕ್ಸೆಲ್‌ನಲ್ಲಿ ಗುಡಿಸುವವರ ಸಂಬಳದ ಕಾಲಂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು ನಾನು.

ಹೊರಡುವ ಮೊದಲು ತಮ್ಮನಿಗೆ "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು, ನಾನು ಅಡ್ಡ ಬರುವುದಿಲ್ಲ" ಎಂದೆ. ಅವನು ಕೂಡಲೇ ಹೂಂ ಅನ್ನಲಿಲ್ಲ. "ಬಳ್ಳಿ?" ಎಂದು ಕೇಳಿದ. ಮರಕ್ಕಿಂತ ಅವನಿಗೆ ಬಳ್ಳಿಯ ಮೇಲೆ ಜೀವ ಎಂಬುದು ನನಗೆ ಆಗಲೇ ಗೊತ್ತಾದದ್ದು. ನಾನು ಇಲ್ಲಿ ಫೋಟೋ ನೋಡುತ್ತಿದ್ದ ವರ್ಷಗಳಲ್ಲೆಲ್ಲ ಬುಡಕ್ಕೆ ಸೊಪ್ಪು ಗೊಬ್ಬರ ಹಾಕಿ, ಮೈಲುತುತ್ತು ಹೊಡೆದು ಅದನ್ನು ಉಳಿಸಿದವನು ಅವನು. ಕೊಂಬೆ ಮಾತ್ರ ಕಡಿದರೆ ಹೇಗೆ ಎಂದೂ ಮಾತಾಡಿದೆವು. ಮರ ಕಡಿಯುವವನು ಬಂದು ನೋಡಿ, ಕಾಂಡದ ಒಳಗೆ ಒಂದು ಕಡೆ ಟೊಳ್ಳು ಬಿದ್ದಿದೆ, ಮನೆ ಕಡೆಗೇ ವಾಲಿದೆ, ಕೊಂಬೆ ಕಡಿದು ಪ್ರಯೋಜನವಿಲ್ಲ ಎಂದ.

ಮಸ್ಕತ್‌ಗೆ ವಾಪಸು ಬಂದ ಮೇಲೂ ಮನಸ್ಸಿಗೆ ಸಮಾಧಾನವಿರಲಿಲ್ಲ. ನಮ್ಮ ಗೋದಾಮಿನ ಒಬ್ಬ ಒಮಾನಿ ಸಹೋದ್ಯೋಗಿ ನಿಜ್ವಾ ಕಡೆಯವರು. ನವೆಂಬರ್‌ನಲ್ಲಿ ಒಂದು ಶುಕ್ರವಾರ ತಮ್ಮ ಹಳ್ಳಿ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಫಲಜ್ ನೀರಿನ ತೋಟ ಕಂಡೆ. ಫಲಜ್ ಎಂದರೆ ನೆಲದಡಿಯ ಅಥವಾ ಬೆಟ್ಟದ ಬುಡದ ನೀರನ್ನು ಪಂಪ್ ಇಲ್ಲದೆ ಇಳಿಜಾರಿನ ಕಾಲುವೆಯಲ್ಲೇ ತರುವ ಹಳೆಯ ಏರ್ಪಾಡು. ಇಂಥ ಐದು ಕಾಲುವೆಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಿಜ್ವಾದ ಫಲಜ್ ದಾರಿಸ್ ಅವುಗಳಲ್ಲೊಂದು, ರಸ್ತೆ ಬದಿಯಲ್ಲೇ ಸಿಗುತ್ತದೆ, ಹೋದವರು ಕಾಲು ಇಳಿಬಿಟ್ಟು ಕೂತು ಬನ್ನಿ. ಊರೊಳಗೆ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ತೋಟ ನೋಡಿದರೆ ನಮ್ಮ ಅಡಿಕೆ ತೋಟದ ಅಣ್ಣತಮ್ಮನಂತೆ. ಮೇಲೆ ಖರ್ಜೂರ, ಅದರ ನೆರಳಲ್ಲಿ ಲಿಂಬೆ, ಮಾವು, ನೆಲದಲ್ಲಿ ಆಡಿಗೆ ಕುದುರೆಮೆಂತೆ ಮೇವು. ಮಾವಿಗೆ ಇಲ್ಲಿಯವರು ಅಂಬಾ ಎನ್ನುವುದು ಕೇಳಿ ನಮ್ಮ ಕೊಂಕಣಿ ಗೆಳೆಯರು ಖುಷಿಪಡುತ್ತಾರೆ.

ಒಂದು ಖರ್ಜೂರದ ಮರ ಮೊನ್ನೆ ಕಡಿದದ್ದು, ಬುಡ ಇನ್ನೂ ಹಸಿ ಇತ್ತು. ಅಜ್ಜನ ಕಾಲದ ಮರವಂತೆ. ಬೇಸರ ಆಗಲಿಲ್ಲವಾ ಎಂದು ಕೇಳಿದೆ. ಅವರು ಆಚೆ ಸಾಲಿನಲ್ಲಿ ಎದೆಯೆತ್ತರದ ಎರಡು ಗಿಡ ತೋರಿಸಿದರು. ಖರ್ಜೂರ ಬೀಜದಿಂದ ಬೆಳೆದರೆ ಗಂಡಾಗಬಹುದು, ಹೆಣ್ಣಾಗಬಹುದು, ಹಣ್ಣು ಬೇರೆಯೇ ಆಗಬಹುದು. ಹಾಗಾಗಿ ತಾಯಿಮರದ ಬುಡದಲ್ಲಿ ಬರುವ ಕಂದು ಕಿತ್ತು ನೆಡುತ್ತಾರೆ, ನಮ್ಮ ಬಾಳೆಯ ಹಾಗೆ. ಅಜ್ಜನ ಮರ ಅಲ್ಲೇ ಇದೆಯಲ್ಲ ಎನ್ನುವಂತೆ ಅವರು ಬೇರೆ ಮಾತು ತೆಗೆದರು. ಆ ಸಂಜೆಯೇ ನಾನು ತಮ್ಮನಿಗೆ ಫೋನ್ ಮಾಡಿ ಬಳ್ಳಿಯ ವಿಚಾರ ಎತ್ತಿದೆ. ಅವನು ಆಗಲೇ ಎಲ್ಲ ಯೋಚಿಸಿ ಇಟ್ಟಿದ್ದ.

ಬಳ್ಳಿಯ ಬುಡದಲ್ಲಿ ನೆಲದ ಮೇಲೆ ಹರಿದು ಹೋಗುವ ಕುಡಿಗಳಿರುತ್ತವಲ್ಲ, ಅವುಗಳನ್ನು ಡಿಸೆಂಬರ್ ಕೊನೆಗೆ ಎತ್ತಿ, ಮಣ್ಣಿಗೆ ಬೇರು ಬಿಡದ ಹಾಗೆ ಒಂದು ಕೋಲಿಗೆ ಸುತ್ತಿ ಕಟ್ಟಿದ. ಫೆಬ್ರವರಿಯಲ್ಲಿ ಕತ್ತರಿಸಿ, ಎರಡು ಮೂರು ಗಂಟಿನ ತುಂಡು ಮಾಡಿ, ಎಲೆ ಚಿವುಟಿ, ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಟ್ಟಿಗೊಬ್ಬರ ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನೆಟ್ಟ. ಬಾವಿಕಟ್ಟೆ ಹತ್ತಿರ ತೆಂಗಿನ ಗರಿಯ ಚಪ್ಪರ ಮಾಡಿ ನೆರಳಿಗಿಟ್ಟ. ಒಟ್ಟು ಇಪ್ಪತ್ತಾರು ತೊಟ್ಟೆ. ಒಳ್ಳೆಮೆಣಸಿನ ಕೊನೆಯ ಕೊಯ್ಲೂ ಮುಗಿಯಿತು, ಐದೂವರೆ ಕಿಲೋ. ಆಮೇಲೆ ಮರ ಕಡಿಸಿದರು. ಕಾಗದಪತ್ರದ ಓಡಾಟ ಎಲ್ಲ ತಮ್ಮನದೇ.

ಆ ದಿನ ನಾನು ವೀಡಿಯೊ ಕಳಿಸು ಎನ್ನಲಿಲ್ಲ, ಅವನೂ ಕಳಿಸಲಿಲ್ಲ. ಎರಡು ದಿನ ಬಿಟ್ಟು ಅಮ್ಮ ಫೋನಿನಲ್ಲಿ, ಅಡುಗೆಮನೆಗೆ ಬೆಳಕು ಬಂದಿದೆ, ಬೆಳಿಗ್ಗೆ ಲೈಟ್ ಹಾಕುವುದು ಬೇಡ ಎಂದರು. ಏಪ್ರಿಲ್‌ನಲ್ಲಿ ಅದೇ ಬೆಳಕಿಗೆ ಬೈದರು. ಮಧ್ಯಾಹ್ನ ಒಲೆ ಮುಂದೆ ನಿಲ್ಲುವ ಹಾಗಿಲ್ಲವಂತೆ, ಮಾಡಿನ ಕೆಳಗೆ ಕಾವು. ಅಷ್ಟಮಿಗೆ ಕೊಟ್ಟೆ ಕಡುಬಿನ ಕೊಟ್ಟೆ ಕಟ್ಟಲು ಹಲಸಿನ ಎಲೆ ಪಕ್ಕದ ಮನೆಯಿಂದ ಕೇಳಿ ತರಬೇಕಾಯಿತು. ನಮ್ಮ ಮನೆಯಿಂದ ಊರಿಗೆಲ್ಲ ಕೊಡುತ್ತಿದ್ದವರು ಅವರು. ಅದೊಂದು ಅವರಿಗೆ ಬಹಳ ಚುಚ್ಚಿದ ಹಾಗೆ ಕಂಡಿತು. ನಾಲ್ಕು ಸಲ ಹೇಳಿದರು.

ಮರದಲ್ಲಿ ಟೊಳ್ಳು ಬಿಟ್ಟು ಒಳ್ಳೆಯ ತಿರುಳು ಸಿಕ್ಕಿದ್ದು ಅರ್ಧ. ಅದರಲ್ಲಿ ಸ್ವಲ್ಪ ಮಾರಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಅಡುಗೆಮನೆಯ ಪಕ್ಕಾಸು, ರೀಪು ಬದಲಾಯಿಸಿದರು. ಉಳಿದ ಹಲಗೆ ಅಟ್ಟದಲ್ಲಿದೆ. ಹೊಸದಾಗಿ ಸೀಳಿದ ಹಲಸಿನ ಹಲಗೆ ಅರಸಿನದ ಹಾಗೆ ಹಳದಿ, ವರ್ಷ ಕಳೆದ ಹಾಗೆ ಕಂದಾಗುತ್ತದೆ. ಒಂದು ಮಂಚ ಮಾಡಿಸಬೇಕೆಂದು ತಮ್ಮನ ಆಸೆ. ಅಮ್ಮನಿಗೆ ದೇವರ ಮಂಟಪ. ನನ್ನನ್ನು ಕೇಳಿದರು. ಈ ಸಲ ನಾನು ಅಭಿಪ್ರಾಯ ಹೇಳಲಿಲ್ಲ.

ಬಸಳೆ ಚಪ್ಪರ ಈಗ ಹಲಸಿನ ಜಾಗಕ್ಕೆ ಬಂದಿದೆ. ಬಿಸಿಲು ಸಿಕ್ಕಿ, ಹಳೆಯ ಬುಡದ ಸುತ್ತಲಿನ ಕಪ್ಪು ಮಣ್ಣಿಗೆ ಅದು ಹಬ್ಬಿದ ಅಬ್ಬರ ನೋಡಬೇಕು. ಮೀನು ತೊಳೆದ ನೀರು, ಒಲೆಯ ಬೂದಿ ಎಲ್ಲ ಅದಕ್ಕೇ. ಅಮ್ಮ ನಿಂತಲ್ಲೇ ಕೈಚಾಚಿ ಕೊಯ್ಯಬಹುದು. ದಂಟು ಹೆಬ್ಬೆರಳಿನಷ್ಟು ದಪ್ಪ. ನನ್ನ ಬಾಲ್ಕನಿಯ ಬಸಳೆ ಅಲ್ಲಿ ಬಳ್ಳಿ ಎಂದು ಕರೆಸಿಕೊಳ್ಳಲೂ ಲಾಯಕ್ಕಿಲ್ಲ.

ಇಪ್ಪತ್ತಾರು ತೊಟ್ಟೆಯಲ್ಲಿ ಹದಿನೇಳು ಚಿಗುರಿದವು. ಜೂನ್ ಕೊನೆಯಲ್ಲಿ ಅವನ್ನು ಅಡಿಕೆ ಮರಗಳ ಬುಡದಲ್ಲಿ, ಮಧ್ಯಾಹ್ನದ ಬಿಸಿಲು ನೇರ ಬೀಳದ ಹಾಗೆ ಉತ್ತರದ ಕಡೆಗೆ ನೆಟ್ಟು, ಬಾಳೆನಾರಿನಲ್ಲಿ ಕಾಂಡಕ್ಕೆ ಕಟ್ಟಿದ್ದಾನೆ. ಎರಡನ್ನು ಬಾವಿಯ ಆಚೆಯ ಮಾವಿಗೆ ಹಬ್ಬಿಸಿದ್ದಾನೆ. ಜುಲೈ ಮಳೆಗೆ ನೀರು ನಿಂತು ಮೂರು ಕೊಳೆತವು. ಈಗ ಹದಿನಾಲ್ಕು. ಫಸಲು ಕೈಗೆ ಬರಲು ಮೂರನೇ ವರ್ಷ ಆಗಬೇಕು. ಎಕ್ಸೆಲ್ ಹೊಸದಾಗಿ ಮಾಡಿದ್ದೇನೆ. ಅದರಲ್ಲಿ ಗುಡಿಸುವ, ಗೊಬ್ಬರ ಹೊರುವ ಕೆಲಸಕ್ಕೆ ವಾರಕ್ಕೆ ಎರಡು ದಿನ ಬರುವ ಒಬ್ಬ ಹೆಂಗಸಿನ ಸಂಬಳ ಮೊದಲ ಸಾಲಿನಲ್ಲೇ ಇದೆ, ತಿಂಗಳ ಮೊದಲ ವಾರ ನಾನೇ ಕಳಿಸುತ್ತೇನೆ. ತೋಟ ನಷ್ಟದಲ್ಲಿದೆ.

ಮೊನ್ನೆ ಶುಕ್ರವಾರ ತಮ್ಮ ಫೋನ್ ಹಿಡಿದುಕೊಂಡು ಮಾವಿನ ಹತ್ತಿರ ಹೋದ. ಬಳ್ಳಿ ಅವನ ಮಂಡಿಯಷ್ಟು ಎತ್ತರಕ್ಕೆ ಏರಿದೆ. ನಾರಿನ ಕಟ್ಟು ಬಿಚ್ಚಿ ತೋರಿಸಿದ, ಮೂರು ಗಂಟಿನಲ್ಲಿ ಬೇರು ತೊಗಟೆಯನ್ನು ಕಚ್ಚಿದೆ. ಹಿಂದಿನಿಂದ ಅಮ್ಮನ ಧ್ವನಿ, "ಬಿಚ್ಚಬೇಡ ಮಾಣಿ, ಮಳೆ ಇನ್ನೂ ಇತ್ತ್." ಅವನು ಮತ್ತೆ ಕಟ್ಟಿದ. ಅಮ್ಮನ ಕೈ ಹೇಗಿದೆ ತೋರಿಸು ಎಂದೆ. ಅವರು ಫೋನಿನ ಮುಂದೆ ಎರಡೂ ಕೈ ಹಿಡಿದು, ಹಿಂದೆ ಮುಂದೆ ತಿರುಗಿಸಿ ತೋರಿಸಿದರು.